ಕೆಳಕ್ಕೆ, ಎಡಕ್ಕೆ

ಅಡುಗೆಮನೆಯ ಬಿಳಿ ಗೋಡೆ ನನ್ನ ಗುರಿಹಲಗೆ.
ಅದರ ಮೇಲೆ ಏನೂ ಬರೆದಿಲ್ಲ. ಬರೆಯಲೂಬಾರದು
ಎಂದಿದ್ದ ಚೆದೊಮಿರ್: ವೃತ್ತ ಕಂಡರೆ
ಕಣ್ಣು ಅಲ್ಲಿಗೇ ಓಡುತ್ತದೆ,
ಆಮೇಲೆ ಮೊಳೆಯನ್ನು ಕಾಯುವವರು ಯಾರು?

ಗುಂಡಿನ ಡಬ್ಬಿ ಹಜಾರದ ಬೀರುವಿನಲ್ಲಿ, ಬೀಗದೊಳಗೆ.
ಪಿಸ್ತೂಲು ತೆರೆದು ಕಿರುಬೆರಳಿಟ್ಟು ನೋಡಿದೆ, ಖಾಲಿ.
ಇನ್ನೊಮ್ಮೆ ನೋಡಿದೆ, ಖಾಲಿಯೇ.
ಖಾಲಿಯನ್ನು ಎರಡು ಸಲ ಎಣಿಸಬೇಕು,
ಅಂಚೆ ಕಚೇರಿಯ ಗಲ್ಲಾಪೆಟ್ಟಿಗೆ ಕಲಿಸಿದ ಪಾಠವೂ ಅದೇ.

ವಾಲ್ಯೆವೊದಲ್ಲಿ ಸೆಪ್ಟೆಂಬರ್. ಬೀದಿ ತುಂಬ
ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ವಾಸನೆ.
ಕೆಳಮನೆಯ ರಾದೊಯ್ಕಾ ಸಿಪ್ಪೆ ಸುಲಿಯುತ್ತ
ಅಂಗಳದಿಂದ ಕೂಗುತ್ತಾಳೆ: ವುಕೊಸಾವಾ, ಜಾಡಿ ತೊಳೆದೆಯಾ?
ಇಲ್ಲ. ನಾನು ನಿಂತಿದ್ದೇನೆ
ಒಂದು ಕೈ ಚಾಚಿ, ಇನ್ನೊಂದು ಏಪ್ರನ್ನಿನ ಜೇಬಿನಲ್ಲಿ,
ಸುಣ್ಣದ ಗೋಡೆಗೆ ಬಾಕಿ ಲೆಕ್ಕ ತೋರಿಸುವವಳ ಹಾಗೆ.

ಹಿಂದಿನ ಕಂಡಿಯ ನಡುವೆ ಮುಂದಿನ ಮೊಳೆ.
ಇಕ್ಕೆಲಕ್ಕೂ ಕೂದಲೆಳೆಯಷ್ಟು ಬೆಳಕು.
ತಲೆ ಸಮ. ಉಸಿರು ಅರ್ಧ ಬಿಟ್ಟು ಅರ್ಧ ಉಳಿಸಿ
ಕುದುರೆಗೆ ಬೆರಳು.
ಟಕ್.

ಮೊಳೆ ಜಿಗಿಯಿತು. ಕೆಳಕ್ಕೆ, ಎಡಕ್ಕೆ.
ಟಕ್. ಕೆಳಕ್ಕೆ, ಎಡಕ್ಕೆ.
ನೂರು ಸಲ ಟಕ್, ನೂರು ಸಲವೂ
ಗಡಿಯಾರದ ಏಳು ಗಂಟೆಯ ಕಡೆಗೇ,
ಹಟ್ಟಿಯ ದಾರಿ ಮರೆಯದ ಹಸುವಿನ ಹಾಗೆ.

"ಗುಂಡೇ ಇಲ್ಲವಲ್ಲಮ್ಮಾ, ತಪ್ಪಿತು ಅಂತ ಹೇಗೆ ಗೊತ್ತು?"
ಇವ್ಕಾ ಕೇಳುತ್ತಾಳೆ, ಬಾಯಲ್ಲಿ ಪೆನ್ಸಿಲ್.
ಗುಂಡಿಲ್ಲದ್ದಕ್ಕೇ ಗೊತ್ತು, ಮಗಳೇ.
ಸದ್ದು, ಹೊಗೆ, ಒದೆತ ಇದ್ದಾಗ
ಕೈ ಮಾಡಿದ್ದನ್ನೆಲ್ಲ ಅವುಗಳ ತಲೆಗೆ ಕಟ್ಟಬಹುದು.

ಗುರುವಾರ, ಶಾಲೆಯ ನೆಲಮಾಳಿಗೆ. ಚೆದೊಮಿರ್,
ನಲವತ್ತು ವರ್ಷ ರೈಲಿನ ಕೈಮರ ಕಾದವನು,
ನನ್ನ ಕೈಯ ಪಕ್ಕ ತಲೆಯಿಟ್ಟು ನೋಡಿದ.
ಮೊದಲು ಹಿಡಿಯ ಮೇಲೆ ಸಂಶಯ, ಮರವನ್ನು ಅರದಿಂದ ಉಜ್ಜಿದ.
ಆಮೇಲೆ ಬೆರಳಿನ ಮೇಲೆ: ಗೆಣ್ಣಲ್ಲ, ತುದಿಯ ಮೆತ್ತೆ.
ಕೊನೆಗೆ, "ನೀನು ಬರೀ ಹಿಡಿ. ಒತ್ತುವವನು ನಾನು."
ಅವನ ತೋರುಬೆರಳು ನನ್ನದರ ಜಾಗದಲ್ಲಿ.
ಕಾದೆ, ಯಾವಾಗ ಎಂದು ತಿಳಿಯದೆ.
ಟಕ್.
ಮೊಳೆ ಜಿಗಿಯಲಿಲ್ಲ.
ತೂಗುತ್ತಿತ್ತು ಅಷ್ಟೆ, ಕೊಲುಬಾರಾ ನದಿಯಲ್ಲಿ
ತೇಲುತ್ತಲೇ ನಿದ್ದೆಹೋದ ಬಾತುಕೋಳಿಯ ಹಾಗೆ.

"ಈ ತೂಗಾಟ ನಿನ್ನ ರಕ್ತದ್ದು, ಅದನ್ನು ಬಿಟ್ಟುಬಿಡು.
ಆ ಜಿಗಿತ ಮಾತ್ರ ನಿನ್ನದು.
ಹಗಲೆಲ್ಲ ಈ ಕೈಯಲ್ಲಿ ಏನು ಮಾಡುತ್ತೀ?"

ಉತ್ತರ ಹೊಳೆಯಲಿಲ್ಲ. ಮಾರನೆಯ ದಿನ
ಎರಡನೇ ಕೌಂಟರು, ಮೊದಲ ರಿಜಿಸ್ಟರ್ಡ್ ಪತ್ರ.
ಬಲಕ್ಕೆ ಮಸಿಯ ಮೆತ್ತೆ, ಎಡಕ್ಕೆ ಪತ್ರ,
ನಡುವೆ ನನ್ನ ಮೊಹರು.
ಧಡ್.
ಮಣಿಕಟ್ಟು ಕೆಳಕ್ಕೆ, ಎಡಕ್ಕೆ.
ಹತ್ತೊಂಬತ್ತು ವರ್ಷ, ದಿನಕ್ಕೆ ಆರುನೂರು.
ಈ ಕೈಗೆ ಗೊತ್ತಿರುವ ಮುಕ್ತಾಯ ಅದೊಂದೇ,
ಧಡ್ ಎನ್ನದ ಕೆಲಸ ಆದಂತಲ್ಲ.
ಖಾಲಿ ಪಿಸ್ತೂಲಿಗೂ ಅದು
ದಿನಾಂಕ ಒತ್ತುತ್ತಿತ್ತು.

ಅಂದಿನಿಂದ ಮೊಹರನ್ನು ಮೆಲ್ಲಗೆ ಇಳಿಸುತ್ತೇನೆ,
ಜ್ವರ ಬಂದು ಮಲಗಿದವರ ಹಣೆ ಮುಟ್ಟಿದ ಹಾಗೆ.
ಸಾಲು ಬೆಳೆಯುತ್ತದೆ. ಪಿಂಚಣಿಯ ದಿನ ಒಬ್ಬಜ್ಜ
"ಏನು ತಾಯಿ, ಶಸ್ತ್ರಚಿಕಿತ್ಸೆಯೇ?" ಎಂದ.
ಎಲ್ಲರೂ ನಕ್ಕರು.
ಪೋಸ್ಟ್‌ಮಾಸ್ಟರ್ ನಗಲಿಲ್ಲ.

ಇವತ್ತು ಜಾಡಿ ತೊಳೆದು ಬೋರಲು ಹಾಕಿ ನಿಂತೆ.
ಖಾಲಿ. ಮತ್ತೊಮ್ಮೆ ಖಾಲಿ. ಗೋಡೆ.
ಮೊಳೆ ತೂಗಿತು, ತೂಗಲಿ ಎಂದೆ.
ಯಾವಾಗ ಎಂದು ಬೆರಳಿಗೂ ಹೇಳಲಿಲ್ಲ.
ಟಕ್.
ಕೆಳಕ್ಕಲ್ಲ. ಎಡಕ್ಕಲ್ಲ.
ಒಂದೆಳೆಯಷ್ಟು, ಬಲಕ್ಕೆ.

"ಬಲಕ್ಕಾ?" ಇವ್ಕಾ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದಳು.
ಬಲಕ್ಕೆ ಏನಿದೆ ನನ್ನ ಮೇಜಿನಲ್ಲಿ
ಎಂದು ಯೋಚಿಸುತ್ತ
ಮೆಣಸಿನಕಾಯಿ ಸುಲಿಯಲು ಕೆಳಗಿಳಿದೆ.